ಕಾಗೆಯಿಂದ ಶುರು ಮಾಡಿ

ಕ್ರಿಸ್ಮಸ್ ರಜೆ ಹತ್ತಿರ ಬಂತು ಅಂತ ಈ ಸಲದ ಪತ್ರಗಳನ್ನು ನೋಡಿದರೇ ಗೊತ್ತಾಗುತ್ತದೆ. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಿ ಬ್ರಷ್ ಹಿಡಿಸಬೇಕು ಅನ್ನುವವರೇ ಜಾಸ್ತಿ. ಅದರಲ್ಲೂ ಹೆಚ್ಚಿನವರು ಕೇಳಿದ್ದು ಹಕ್ಕಿಯ ಚಿತ್ರದ ಬಗ್ಗೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಹಕ್ಕಿಗೆ ಮತ್ತು ವಾಟರ್ ಕಲರಿಗೆ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಜೊತೆ ನಾನು ಮಾಡುವುದನ್ನೇ ಬರೆದಿದ್ದೇನೆ. ಬೇರೆ ಟೀಚರ್‌ಗಳು ಬೇರೆ ಥರ ಹೇಳಬಹುದು, ಹೇಳಲಿ.

ಟೀಚರ್, ನನ್ನ ಮಗಳಿಗೆ ಆರು ವರ್ಷ. ಯೂಟ್ಯೂಬ್ ನೋಡಿ, ಹಿಮ ಬಿದ್ದ ಕೊಂಬೆಯ ಮೇಲೆ ಕೂತ ಕೆಂಪು ಹಕ್ಕಿಯ ಚಿತ್ರ ಮಾಡಲು ಹೊರಟಿದ್ದಾಳೆ. ಎಷ್ಟು ಬಿಳಿ ಹಾಕಿದರೂ ಹಿಮ ಬರುವುದಿಲ್ಲ, ಬೂದಿ ಬಣ್ಣ ಆಗುತ್ತದೆ. ಯಾವ ಕಂಪನಿಯ ಬಿಳಿ ತರಲಿ?
— ಒಬ್ಬ ತಾಯಿ, ಸುರತ್ಕಲ್

ಯಾವ ಬಿಳಿಯೂ ಬೇಡ, ದುಡ್ಡು ಉಳಿಸಿ. ವಾಟರ್ ಕಲರಿನಲ್ಲಿ ಬಿಳಿ ಅಂದರೆ ಕಾಗದವೇ. ಹಿಮ ಬೇಕಾದಲ್ಲಿ ಬಣ್ಣ ಹಾಕದೆ ಬಿಟ್ಟರಾಯಿತು. ಅಡಿಯ ಬಣ್ಣ ಒದ್ದೆ ಇರುವಾಗಲೇ ಮೇಲೆ ಬಿಳಿ ಹಾಕಿದರೆ ಎರಡೂ ಕಲಸಿ ಬೂದಿಯಾಗುತ್ತದೆ, ಅವಳಿಗೆ ಆಗುತ್ತಿರುವುದು ಅದೇ.

ಆದರೆ ಆರು ವರ್ಷದವರಿಗೆ ‘ಇಲ್ಲಿ ಬಿಡು’ ಅಂದರೆ ಬಿಡುವುದು ಕಷ್ಟ, ಕೈ ತುರಿಸುತ್ತದೆ. ಅದಕ್ಕೊಂದು ಉಪಾಯ ಉಂಟು. ಕರೆಂಟು ಹೋದಾಗ ಹಚ್ಚುವ ಬಿಳಿ ಮೇಣದಬತ್ತಿಯ ತುಂಡು ಕೊಡಿ. ಬಿಳಿ ಬೇಕಾದಲ್ಲೆಲ್ಲ ಮೊದಲೇ ಅದನ್ನು ಒತ್ತಿ ಗೀಚಲಿ. ಆಮೇಲೆ ಮೇಲಿಂದ ಬಣ್ಣ ಎಳೆದರೆ ಮೇಣ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಹನಿ ಹನಿಯಾಗಿ ಜಾರಿ ಪಕ್ಕಕ್ಕೆ ಹೋಗುತ್ತದೆ. ಬಿಳಿ ತಾನಾಗಿ ಎದ್ದು ಬರುತ್ತದೆ. ಒಮ್ಮೆ ನೋಡಿದರೆ ಮತ್ತೆ ಮನೆಯಲ್ಲಿ ಮೇಣದಬತ್ತಿ ಉಳಿಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಆ ಕೆಂಪು ಹಕ್ಕಿ. ಮೈಯೆಲ್ಲ ಕೆಂಪಾಗಿದ್ದು ತಲೆಯ ಮೇಲೆ ಜುಟ್ಟು ಇದ್ದರೆ ಅದು ಕಾರ್ಡಿನಲ್, ಉತ್ತರ ಅಮೆರಿಕದ್ದು. ಚಳಿ ಬಂತು ಅಂತ ಅದು ಊರು ಬಿಟ್ಟು ಹೋಗುವುದಿಲ್ಲ, ಅದಕ್ಕೇ ಅಲ್ಲಿನವರ ಹಿಮದ ಚಿತ್ರದಲ್ಲೆಲ್ಲ ಅದೇ ಕೂತಿರುತ್ತದೆ. ಮುಖ ಮತ್ತು ಎದೆ ಮಾತ್ರ ಕಿತ್ತಳೆ ಬಣ್ಣ ಅಂತಾದರೆ ಯುರೋಪಿನ ರಾಬಿನ್. ಕ್ರಿಸ್ಮಸ್ ಕಾರ್ಡುಗಳಲ್ಲಿ ಬರುವುದು ಇದು. ಬಿಡಿಸಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ಹಕ್ಕಿ ಕತ್ತು ಹೇಗೆ ತಿರುಗಿಸುತ್ತದೆ, ಹಾರುವ ಮೊದಲು ಏನು ಮಾಡುತ್ತದೆ ಅಂತ ಕೇಳಿದರೆ ನಿಮ್ಮ ಮಗಳ ಹತ್ತಿರ ಉತ್ತರ ಇಲ್ಲ. ವಿಡಿಯೋದವರ ಕೈ ನೋಡಿ ಮಾಡಿದ್ದಷ್ಟೇ.

ನಮ್ಮಲ್ಲಿ ಹಿಮ ಬೀಳದಿದ್ದರೂ ಚಳಿಗಾಲದ ಹಕ್ಕಿಗಳಿಗೆ ಬರ ಇಲ್ಲ. ಸುರತ್ಕಲ್ ಬೀಚಿಗೆ ಕರೆದುಕೊಂಡು ಹೋಗಿ, ಕಡಲಕ್ಕಿ ಕಾಣಬಹುದು. ಕಂದು ತಲೆಯ ಕಡಲಕ್ಕಿ ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತದೆ. ಹೆಸರು ಕಂದು ತಲೆ ಅಂತ ಇದ್ದರೂ ಇಲ್ಲಿಗೆ ಬರುವ ಹೊತ್ತಿಗೆ ತಲೆ ಬೆಳ್ಳಗಾಗಿರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಕೊಕ್ಕು, ಕಾಲು ಕೆಂಪು. ನಿಮ್ಮ ಮಗಳಿಗೆ ಬೇಕಾದ ಬಿಳಿಯೂ ಕೆಂಪೂ ಒಂದೇ ಹಕ್ಕಿಯಲ್ಲಿ ಸಿಕ್ಕಿತಲ್ವಾ? ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಯೂ ಚಳಿಗಾಲದ ನೆಂಟನೇ. ಗಂಡನ ಮನೆಯ ತೋಟ, ಅಜ್ಜಿ ಮನೆಯ ಹಾಡಿ ಏನಾದರೂ ಇದ್ದರೆ ಹೊನ್ನಕ್ಕಿಯೂ ಸಿಗಬಹುದು, ಹಳದಿ ಮೈ, ಕಣ್ಣಿಗೆ ಕಪ್ಪು ಕಾಡಿಗೆ.

ಮಗನಿಗೆ ನಾಲ್ಕೂವರೆ ವರ್ಷ. ಮೊದಲು ಯಾವ ಹಕ್ಕಿ ಕಲಿಸಬೇಕು? ನವಿಲು ಆಗಬಹುದಾ?
— ಒಬ್ಬ ತಂದೆ, ಕುಂದಾಪುರ

ನವಿಲು ಬೇಡ ಮಾರಾಯ್ರೆ. ಶಾಲೆ ಗೋಡೆಯಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲ ಕಡೆ ನವಿಲೇ ಉಂಟು. ಮಗು ನವಿಲನ್ನು ನೋಡುವುದೇ ಇಲ್ಲ, ಗರಿಯ ಕಣ್ಣುಗಳನ್ನು ಎಣಿಸುತ್ತಾ ಕೂರುತ್ತದೆ.

ಕಾಗೆ ಕೊಡಿ. ನಾನು ಹೊಸ ಮಕ್ಕಳಿಗೆ ಮೊದಲು ಕೊಡುವುದು ಕಾಗೆಯನ್ನೇ. ಅದನ್ನು ನೋಡದ ಮಗು ಇಲ್ಲ. ನಿಮ್ಮ ಅಡುಗೆಮನೆ ಕಿಟಕಿಯ ಹತ್ತಿರ ದಿನಾ ಬರುತ್ತದೆ, ಓಡಿಸಿದರೂ ಬರುತ್ತದೆ. ಕಾಗೆ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುವುದನ್ನು, ಕುಪ್ಪಳಿಸುವುದನ್ನು ನಾಲ್ಕು ವರ್ಷದವರು ನಟಿಸಿಯೇ ತೋರಿಸುತ್ತಾರೆ. ಅಷ್ಟು ಗೊತ್ತಿದ್ದರೆ ಚಿತ್ರದ ಮುಕ್ಕಾಲು ಪಾಲು ಆದ ಹಾಗೆ. ಮೊದಲು ಅದನ್ನೇ ಮಾಡಿಸಿ. ಚಾವಡಿಯಲ್ಲಿ ಕಾಗೆಯ ಹಾಗೆ ನಡೆಯಲಿ, ಬಗ್ಗಿ ಅನ್ನ ಹೆಕ್ಕಲಿ. ಪಕ್ಕದ ಮನೆಯವರು ನೋಡಿದರೆ ನೋಡಲಿ.

ಆಮೇಲೆ ಕಾಗದ. ಪೋಸ್ಟ್ ಕಾರ್ಡಿನಷ್ಟು ದೊಡ್ಡದು ಸಾಕು. ಪೆನ್ಸಿಲ್ ಮತ್ತು ರಬ್ಬರ್ ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ. ಇದು ನನ್ನ ಹಠ ಅಂತಲೇ ತಿಳಿಯಿರಿ. ಪೆನ್ಸಿಲ್ ಗೆರೆ ಒಮ್ಮೆ ಬಿತ್ತು ಅಂದರೆ ಮಗುವಿನ ಗಮನವೆಲ್ಲ ಗೆರೆಯೊಳಗೆ ಬಣ್ಣ ತುಂಬುವುದರ ಮೇಲೆ. ಗೆರೆ ದಾಟಿದರೆ ಅಳು. ಆಮೇಲೆ ಅಲ್ಲಿ ಹಕ್ಕಿಯೂ ಇಲ್ಲ, ಬಣ್ಣವೂ ಇಲ್ಲ.

ಬ್ರಷ್‌ಗೆ ಬರೀ ನೀರು ತೆಗೆದುಕೊಂಡು, ನೀರಿನಲ್ಲೇ ಕಾಗೆ ಬಿಡಿಸಲು ಹೇಳಿ. ಸುಲಿದ ತೆಂಗಿನಕಾಯಿ ಓರೆಯಾಗಿ ಮಲಗಿದ ಹಾಗೆ ಮೈ. ಅದರ ಮೇಲ್ತುದಿಯಲ್ಲಿ ಚಿಕ್ಕ ಉರುಟು ತಲೆ. ಕೆಳತುದಿಯಲ್ಲಿ ಬಾಲಕ್ಕೆ ಒಂದು ಪಟ್ಟಿ. ಬಣ್ಣ ಇಲ್ಲದೆ ಏನೂ ಕಾಣುವುದಿಲ್ಲ ಅಂತ ಮಗು ಹೇಳುತ್ತದೆ. ಕಾಗದವನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ಓರೆ ಹಿಡಿದು ನೋಡಿಸಿ, ಹೊಳೆಯುವ ಕಾಗೆ ಕಾಣುತ್ತದೆ.

ಈಗ ಬ್ರಷ್ ತುದಿಯಲ್ಲಿ ನೀಲಿ ಬಣ್ಣ ತೆಗೆದು ಆ ನೀರಿಗೆ ಒಮ್ಮೆ ಮುಟ್ಟಿಸಲಿ. ಉಜ್ಜುವುದು ಬೇಡ, ಮುಟ್ಟಿಸಿದರೆ ಸಾಕು. ಬಣ್ಣ ಕವಲು ಕವಲಾಗಿ ಹರಿದು ನೀರಿನ ಅಂಚಿನವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಒಣ ಕಾಗದಕ್ಕೆ ದಾಟುವುದಿಲ್ಲ. ಮಕ್ಕಳು ಬಾಯಿ ತೆರೆಯುವುದು ಈ ಹೊತ್ತಿಗೇ. ಪಕ್ಕದಲ್ಲಿ ಕಂದು ಮುಟ್ಟಿಸಲಿ, ಬಾಕ್ಸಿನಲ್ಲಿ ಬರ್ಂಟ್ ಸಿಯೆನ್ನಾ ಅಂತ ಇರುತ್ತದೆ. ಅಲ್ಟ್ರಾಮರೀನ್ ನೀಲಿಯೂ ಬರ್ಂಟ್ ಸಿಯೆನ್ನಾವೂ ಸೇರಿದರೆ ಕಪ್ಪಿಗೆ ಹತ್ತಿರದ ಒಂದು ಬಣ್ಣ ಬರುತ್ತದೆ. ಕೆಲವು ಕಡೆ ನೀಲಿ ಮಿಂಚು, ಕೆಲವು ಕಡೆ ಕಂದು. ಬಿಸಿಲಲ್ಲಿ ಕಾಗೆಯ ರೆಕ್ಕೆ ಹೀಗೇ ಅಲ್ವಾ? ಟ್ಯೂಬಿನ ಕಪ್ಪು ಹಾಕಿದರೆ ಈ ಜೀವ ಬರುವುದಿಲ್ಲ, ಟಾರು ಬಳಿದ ಹಾಗೆ ಆಗುತ್ತದೆ.

ಮೈ ಇನ್ನೂ ಒದ್ದೆ ಇರುವಾಗಲೇ ಬ್ರಷ್ ತುದಿಯಿಂದ ತಲೆಯ ಬಣ್ಣವನ್ನು ಹೊರಕ್ಕೆ ಎಳೆದರೆ ಕೊಕ್ಕು ಆಯಿತು. ನಮ್ಮ ಊರ ಕಾಗೆಯ ಕತ್ತು ಬೂದಿ ಬಣ್ಣ. ಹಳೆ ಬೈರಾಸಿನ ತುದಿಯನ್ನು ಕತ್ತಿನ ಮೇಲೆ ಒಮ್ಮೆ ಒತ್ತಿ ತೆಗೆದರೆ ಬಣ್ಣ ಎದ್ದು ಬೂದಿಯಾಗುತ್ತದೆ. ಕಾಲು, ಕಣ್ಣು ಎಲ್ಲ ಪೂರ್ತಿ ಒಣಗಿದ ಮೇಲೆ. ಅಷ್ಟು ಹೊತ್ತು ಕಾಯುವುದಿಲ್ಲ ಅಂದರೆ ಮಗುವನ್ನು ಅವಲಕ್ಕಿ ತಿನ್ನಲು ಕಳಿಸಿ.

ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಗೆ ಕಲಿಸುತ್ತೇನೆ. ತುಂಬಾ ಮಕ್ಕಳು, ದುಡ್ಡು ಕಮ್ಮಿ. ಏನೆಲ್ಲ ಬೇಕು? ಅರಸಿನದಂಥ ಮನೆಯ ಬಣ್ಣ ನಡೆಯುತ್ತದಾ?
— ಒಬ್ಬ ಶಿಕ್ಷಕಿ, ಕಾರ್ಕಳ

ಕಾಗದಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ಉಳಿದದ್ದೆಲ್ಲ ಹೇಗಾದರೂ ಆಗುತ್ತದೆ. ಜೆರಾಕ್ಸ್ ಕಾಗದ, ಮಾಮೂಲಿ ಡ್ರಾಯಿಂಗ್ ಪುಸ್ತಕದ ಹಾಳೆ ನೀರು ಕುಡಿದು ಅಪ್ಪಳದ ಹಾಗೆ ಏಳುತ್ತದೆ, ಎರಡು ಸಲ ಉಜ್ಜಿದರೆ ಹರಿಯುತ್ತದೆ. ಮಗು ತನ್ನ ಕೈ ಸರಿ ಇಲ್ಲ ಅಂದುಕೊಳ್ಳುತ್ತದೆ. ಕಾಗದ ಎಷ್ಟು ದಪ್ಪ ಅಂತ ಹೇಳುವುದು ಜಿಎಸ್‌ಎಂ ಲೆಕ್ಕದಲ್ಲಿ. 300 ಜಿಎಸ್‌ಎಂ ಹಾಳೆ ಒಳ್ಳೆಯದು, 200ಕ್ಕಿಂತ ಕೆಳಗೆ ಇಳಿಯಬೇಡಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಮಕ್ಕಳಿಗೆ ಆಯಿತು. ಚಿಕ್ಕ ಕೈಗೆ ಚಿಕ್ಕ ಕಾಗದವೇ ಸರಿ.

ಬಣ್ಣ ಕ್ಯಾಮೆಲ್ ಕಂಪನಿಯ ಕೇಕ್ ಬಾಕ್ಸ್, ಅಂದರೆ ಒಣ ಬಿಲ್ಲೆಗಳದ್ದು ಸಾಕು. ಟ್ಯೂಬ್ ಕೊಟ್ಟರೆ ಮಕ್ಕಳು ಪೇಸ್ಟಿನ ಹಾಗೆ ಹಿಂಡುತ್ತಾರೆ. ಹನ್ನೆರಡು ಬಣ್ಣ ಇದ್ದರೂ ಒಂದು ದಿನಕ್ಕೆ ಮೂರೇ ತೆರೆಯಿರಿ. ನೀಲಿ, ಹಳದಿ, ಕಂದು. ಉಳಿದದ್ದರ ಮೇಲೆ ಟೇಪ್ ಹಚ್ಚಿಬಿಡಿ. ಬ್ರಷ್ ಉರುಟು ತುದಿಯದ್ದು, 8ನೇ ನಂಬರ್, ನೈಲಾನ್ ಕೂದಲಿನದ್ದು. ಶಾಲೆಗೆ ತರುವ 1, 2ನೇ ನಂಬರಿನ ತೆಳು ಬ್ರಷ್‌ನಲ್ಲಿ ಮಕ್ಕಳು ಪೆನ್ಸಿಲ್ ಹಿಡಿದ ಹಾಗೆ ಗೀರುತ್ತಾರೆ, ನೀರೇ ಹಿಡಿಯುವುದಿಲ್ಲ. ನೀರಿಗೆ ಗೆರಟೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಚಂದ ಕಾಣುತ್ತದೆ ನಿಜ, ಆದರೆ ಮಗುಚಿ ಬೀಳುತ್ತದೆ. ಅಡಿ ಅಗಲದ ಹಳೆ ಸ್ಟೀಲ್ ಡಬ್ಬವೇ ವಾಸಿ. ಇಬ್ಬರಿಗೆ ಎರಡು ಡಬ್ಬ, ಒಂದು ಬ್ರಷ್ ತೊಳೆಯಲು, ಒಂದು ಚೊಕ್ಕ ನೀರಿಗೆ.

ಅರಸಿನ ನಡೆಯುತ್ತದೆ. ಹೊನ್ನಕ್ಕಿಗೆ ಅದಕ್ಕಿಂತ ಒಳ್ಳೆ ಹಳದಿ ಬೇಡ. ಆದರೆ ಬಿಸಿಲಿಗಿಟ್ಟರೆ ಕೆಲವೇ ದಿನದಲ್ಲಿ ಮಾಸುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿ. ಒದ್ದೆ ಅರಸಿನಕ್ಕೆ ಒಂದು ಚಿಟಿಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಸುಣ್ಣವನ್ನು ನೀವೇ ಕಡ್ಡಿಯಲ್ಲಿ ಮುಟ್ಟಿಸಿ, ಮಕ್ಕಳ ಕೈಗೆ ಕೊಡಬೇಡಿ. ಬಸಳೆ ಚಪ್ಪರದಲ್ಲಿ ಕಪ್ಪು ಹಣ್ಣು ಆಗಿದ್ದರೆ ಹಿಂಡಿ ನೋಡಿ, ನೇರಳೆ ಬಣ್ಣದ ರಸ. ಅದೂ ಬೇಗ ಮಾಸುತ್ತದೆ, ಯೂನಿಫಾರ್ಮಿಗೆ ಹಿಡಿದದ್ದು ಮಾತ್ರ ಬಿಡುವುದಿಲ್ಲ.

ಮೊಮ್ಮಗನಿಗೆ ನಾನೇ ಕಲಿಸುತ್ತಿದ್ದೇನೆ. ಒಮ್ಮೆ ಬಣ್ಣ ಎಲ್ಲ ಕಡೆ ಹರಡಿ ಕೆಸರಾಗುತ್ತದೆ, ಇನ್ನೊಮ್ಮೆ ಹೂಕೋಸಿನಂಥ ಕಲೆ ಬೀಳುತ್ತದೆ. ಯಾಕೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮಣಿಪಾಲ

ರಾಯರೇ, ಎರಡಕ್ಕೂ ಕಾರಣ ಒಂದೇ, ಹೊತ್ತು. ಕಾಗದ ತುಂಬಾ ಒದ್ದೆ ಇರುವಾಗ ಪಕ್ಕಪಕ್ಕದಲ್ಲಿ ಬೇರೆ ಬೇರೆ ಬಣ್ಣ ಹಾಕಿದರೆ ಎಲ್ಲ ಸೇರಿ ಕೆಸರು. ಅರ್ಧ ಒಣಗಿದ ಮೇಲೆ ನೀರು ತುಂಬಿದ ಬ್ರಷ್ ಮುಟ್ಟಿಸಿದರೆ ಹೊಸ ನೀರು ಹಳೆ ಬಣ್ಣವನ್ನು ಅಂಚಿಗೆ ತಳ್ಳುತ್ತದೆ, ಅದೇ ಆ ಕಲೆ.

ಕಾಗದದ ಹೊಳಪು ನೋಡಲು ಕಲಿಸಿ. ಕೊಳದ ನೀರಿನ ಹಾಗೆ ನಿಂತು ಹೊಳೆಯುತ್ತಿದ್ದರೆ ಬಣ್ಣ ಎಲ್ಲೆಲ್ಲೋ ಓಡುತ್ತದೆ. ಹೊಳಪು ಹೋಗಿ ಮಂಕಾದರೂ ತಣ್ಣಗಿದ್ದರೆ ಮುಟ್ಟಬಾರದ ಹೊತ್ತು. ಬೆರಳಿನ ಹಿಂಭಾಗ ತಾಗಿಸಿ ನೋಡಿ, ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರು ಉಂಟು. ಬೆಚ್ಚಗಾದ ಮೇಲೆ ಕಣ್ಣು, ಕಾಲು, ಗರಿಯ ಗೆರೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದ್ದೀರಲ್ವಾ? ಇಟಲಿಯ ಆಂಟೊನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲ್ಲಿ ಚಿತ್ರ ಬರೆದರು. ಗೋಡೆಯ ಮೇಲಿನವು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಾಕಬೇಕು, ಆರಿತು ಅಂದರೆ ಬಣ್ಣ ಒಳಗೆ ಹಿಡಿಯುವುದಿಲ್ಲ. ಅಷ್ಟು ದೊಡ್ಡ ಗೋಡೆಯನ್ನೂ ತುಂಡು ತುಂಡಾಗಿ, ಹಸಿ ನೋಡಿಕೊಂಡೇ ಮಾಡುವ ಕೆಲಸ ಅದು. ಮೊಮ್ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ನಿಮ್ಮ ಮಾತಿಗಿಂತ ಅದು ಬೇಗ ತಲೆಗೆ ಹೋದೀತು.

ನಿಮಗೆ ಈಗ ಒಳ್ಳೆ ಕಾಲ. ಜುಲೈಯಲ್ಲಿ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟಕ್ಕೂ ಹಸಿಯೇ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಕಾಗದ ಬೇಗ ಒಣಗುತ್ತದೆ. ಉಪ್ಪಿನ ಆಟವೂ ಈಗಲೇ ಚೆನ್ನ. ಮರಳಿನ ಬಣ್ಣ ಬಳಿದು, ನಿಂತ ನೀರು ಇಂಗಿ ಹೊಳಪು ಇನ್ನೇನು ಹೋಗಬೇಕು ಅನ್ನುವಾಗ ನಾಲ್ಕು ಹರಳು ಕಲ್ಲುಪ್ಪು ಉದುರಿಸಿ. ಉಪ್ಪು ಸುತ್ತಲಿನ ನೀರನ್ನು ಎಳೆದುಕೊಂಡು ಚುಕ್ಕೆ ಚುಕ್ಕೆ ಮಾಡುತ್ತದೆ. ಒಣಗಿದ ಮೇಲೆ ಕೊಡವಿದರೆ ಮಲ್ಪೆಯ ಮರಳು ರೆಡಿ. ಮಳೆಗಾಲದಲ್ಲಿ ಉಪ್ಪೇ ಭರಣಿಯಲ್ಲಿ ನೀರಾಗಿರುತ್ತದೆ, ಆಟ ಎಲ್ಲಿಂದ!

ಮಗಳು ಹಕ್ಕಿಗೆ ಮನುಷ್ಯರ ಹಾಗೆ ಎರಡು ಕಣ್ಣು, ನಗುವ ಬಾಯಿ, ಉದ್ದ ರೆಪ್ಪೆ ಹಾಕುತ್ತಾಳೆ. ವಯಸ್ಸು ಐದು. ತಿದ್ದಬೇಕಾ?
— ಒಬ್ಬ ತಾಯಿ, ಮೂಡುಬಿದಿರೆ

ಬೇಡ. ಐದು ವರ್ಷಕ್ಕೆ ಕಣ್ಣು ಎರಡು ಇರುತ್ತದೆ ಅನ್ನುವುದು ಅವಳಿಗೆ ಗೊತ್ತಿರುವ ವಿಷಯ, ಗೊತ್ತಿರುವುದನ್ನು ಬಿಡಿಸುತ್ತಾಳೆ. ಎಲ್ಲ ಮಕ್ಕಳೂ ಹೀಗೇ. ಅವಳ ಚಿತ್ರದ ಮೇಲೆ ನಿಮ್ಮ ಕೈ ಇಡಬೇಡಿ. ಅಮ್ಮ ಒಂದು ಗೆರೆ ಎಳೆದರೂ ಆ ಚಿತ್ರ ಅಮ್ಮನದ್ದಾಗುತ್ತದೆ. ನಾಳೆಯಿಂದ ‘ನೀನೇ ಬಿಡಿಸಿಕೊಡು’ ಶುರು.

ಕೇಳಬಹುದು. ಅಂಗಳದಲ್ಲಿ ಪಿಕಳಾರ ಬಂದು ಕೂತಾಗ ಮೆಲ್ಲಗೆ ಕೇಳಿ, “ಈಗ ಎಷ್ಟು ಕಣ್ಣು ಕಾಣ್ತದೆ ನಿಂಗೆ?” ಅವಳು ನೋಡಿ ಒಂದು ಅನ್ನುತ್ತಾಳೆ. ಅಲ್ಲಿಗೇ ಬಿಡಿ, ‘ಹಾಗಾದರೆ ಯಾಕೆ ಎರಡು ಬಿಡಿಸಿದ್ದು’ ಅಂತ ಕೋರ್ಟಿಗೆ ಎಳೆಯಬೇಡಿ. ನಮ್ಮಲ್ಲಿಗೆ ಬರುವ ಎರಡನೇ ಕ್ಲಾಸಿನ ಹುಡುಗನೊಬ್ಬ ಎಲ್ಲ ಹಕ್ಕಿಗೂ ಕೈ ಬೆರಳಿನಂಥ ಐದು ಬೆರಳು ಹಾಕುತ್ತಿದ್ದ. ನಾನು ಸುಮ್ನೆ ಇದ್ದೆ. ಒಂದು ದಿನ ಅವರ ಮನೆಯ ಕೋಳಿ ಕೆಸರು ತುಳಿದು ಸಿಮೆಂಟ್ ಅಂಗಳದಲ್ಲಿ ಓಡಾಡಿದೆ. ಅವನು ಹೆಜ್ಜೆ ಗುರುತಿನ ಪಕ್ಕ ಮೊಣಕಾಲೂರಿ ಕೂತು ಎಣಿಸಿದ್ದಾನೆ. ಮುಂದಿನ ವಾರ ಬಂದವನೇ, “ಟೀಚರ್, ಮುಂದೆ ಮೂರು, ಹಿಂದೆ ಒಂದು” ಅಂದ. ಆಮೇಲೆ ಉಳಿದ ಮಕ್ಕಳ ಹಕ್ಕಿಗಳನ್ನೆಲ್ಲ ಅವನೇ ಚೆಕ್ ಮಾಡುವುದು. ಮರಕುಟಿಗಕ್ಕೆ ಮುಂದೆ ಎರಡು, ಹಿಂದೆ ಎರಡು ಅಂತ ನಾನು ಹೇಳಿದಾಗ ಅವನಿಗೆ ಸ್ವಲ್ಪ ಬೇಜಾರಾಯಿತು.

ಏಳೆಂಟು ವರ್ಷದವರಿಗೆ ಇನ್ನೊಂದು ಗುಟ್ಟು ಹೇಳಬಹುದು. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಿಸುತ್ತದೆ ಅಂತ ನಮಗೆ ಕಾಣುವುದು ಅದರ ಹಿಮ್ಮಡಿಯ ಗಂಟು. ನಿಜವಾದ ಮೊಣಕಾಲು ಮೇಲೆ ಗರಿಯೊಳಗೆ ಅಡಗಿರುತ್ತದೆ. ತುದಿಗಾಲಲ್ಲಿ ನಿಂತು ನೋಡಲು ಹೇಳಿ, ಕೂಡಲೇ ಅರ್ಥವಾಗುತ್ತದೆ.

ಟೀಚರ್, ನಾನು ನಾಲ್ಕನೇ ಕ್ಲಾಸ್. ನನಗೆ ಹಾರುವ ಹಕ್ಕಿ ಬಿಡಿಸಬೇಕು. ಆದರೆ ಅದು ನಿಲ್ಲುವುದೇ ಇಲ್ಲ.
— ಒಬ್ಬ ವಿದ್ಯಾರ್ಥಿ, ಕಾಪು

ಪುಟ್ಟ, ನಿಲ್ಲದಿದ್ದರೆ ಒಳ್ಳೆಯದೇ ಆಯಿತು. ನಿನ್ನ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು.

ಅಪ್ಪನ ಜೊತೆ ಮಲ್ಪೆ ಬಂದರಿಗೆ ಹೋಗು. ಬೋಟಿನಿಂದ ಮೀನು ಇಳಿಸುವಾಗ ಮೇಲೆ ಗರುಡ ಸುತ್ತುತ್ತಿರುತ್ತದೆ. ತಲೆ, ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಕೆಂಪು, ರೆಕ್ಕೆಯ ತುದಿ ಕಪ್ಪು. ಪೂರ್ತಿ ಕಂದು ಬಣ್ಣದ್ದು ಕಂಡರೆ ಅದು ಗರುಡನ ಮರಿಯೂ ಇರಬಹುದು, ಹದ್ದೂ ಇರಬಹುದು. ಹದ್ದಿನ ಬಾಲದ ತುದಿ ಕವಲು, ಗರುಡನದ್ದು ಉರುಟು. ನೋಡಿ ನೀನೇ ಹೇಳು.

ಗರುಡ ರೆಕ್ಕೆ ಬಡಿಯದೆ ತೇಲುತ್ತದೆ, ಹಾಗಾಗಿ ನೋಡಲು ಹೊತ್ತು ಸಿಗುತ್ತದೆ. ನೋಟ್ ಪುಸ್ತಕದಲ್ಲಿ ಪೆನ್ನು ಇಟ್ಟು, ಕಣ್ಣು ಹಕ್ಕಿಯ ಮೇಲೆಯೇ ಇರಲಿ. ಕಾಗದ ನೋಡಬೇಡ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಯವರೆಗೆ ಒಂದೇ ಗೆರೆ ಎಳೆ. ಕೆಟ್ಟದಾಗಿ ಬರುತ್ತದೆ, ಇನ್ನೊಂದು ಎಳೆ. ಒಂದು ಪುಟ ತುಂಬುವಾಗ ಎರಡು ಮೂರು ಗೆರೆ ಗರುಡನ ಹಾಗೆ ಕಾಣುತ್ತದೆ. ನಿಮ್ಮ ಕಾಪುವಿಗೆ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರ್ ಅಂತ ದೊಡ್ಡ ಕಲಾವಿದರಿದ್ದರು. ನಾಲ್ಕೇ ಗೆರೆಯಲ್ಲಿ ಕುಣಿಯುವವರನ್ನು ಬಿಡಿಸುತ್ತಿದ್ದರು. ಅವರ ಗೆರೆಗಳ ಚಿತ್ರ ಎಲ್ಲಾದರೂ ಸಿಕ್ಕಿದರೆ ನೋಡು.

ನಮ್ಮ ಕೈಗೆ ಇರುವ ಹಾಗೆ ರೆಕ್ಕೆಗೂ ಮೊಣಕೈ, ಮಣಿಕಟ್ಟು ಉಂಟು. ಕೈ ಅಗಲಿಸಿ ನಿಂತು ನೋಡು. ರೆಕ್ಕೆ ಎಲ್ಲಿ ಬಗ್ಗುತ್ತದೆ ಅಂತ ತಿಳಿಯುತ್ತದೆ. ಮನೆಗೆ ಬಂದ ಮೇಲೆ ಬಣ್ಣ. ಆಕಾಶ ಮೊದಲು, ಗರುಡ ಆಮೇಲೆ. ತಲೆಯ ಬಿಳಿಗೆ ಏನು ಮಾಡಬೇಕು ಅಂತ ಮೊದಲ ಉತ್ತರದಲ್ಲಿ ಬರೆದಿದ್ದೇನೆ. ಮಾಡಿದ್ದನ್ನು ನನಗೆ ಕಳಿಸು.

ಸ್ಪರ್ಧೆಯಲ್ಲಿ ನನ್ನ ಮಗನ ಹಕ್ಕಿಗೆ ಬಹುಮಾನ ಬರಲಿಲ್ಲ. ನೀಟಾಗಿ ಪೋಸ್ಟರ್ ಕಲರ್ ತುಂಬಿದವರಿಗೇ ಬಂತು. ನಾನೂ ಅದನ್ನೇ ಕಲಿಸಲಾ?
— ಒಬ್ಬ ತಂದೆ, ಬಿ.ಸಿ.ರೋಡ್

ಪೋಸ್ಟರ್ ಕಲರ್ ಕೆಟ್ಟದ್ದಲ್ಲ. ದಪ್ಪ, ಅಡಿಯ ಬಣ್ಣವನ್ನು ಮುಚ್ಚುತ್ತದೆ, ಅಷ್ಟೇ ವ್ಯತ್ಯಾಸ. ಮೊಘಲ್ ಕಾಲದವರು ಬಳಸುತ್ತಿದ್ದುದೂ ಹೀಗೆ ಮುಚ್ಚುವ ಬಣ್ಣವೇ. 1612ರಲ್ಲಿ ಗೋವಾದಿಂದ ಒಂದು ಟರ್ಕಿ ಕೋಳಿ ಜಹಾಂಗೀರನ ಆಸ್ಥಾನಕ್ಕೆ ಹೋಯಿತು. ಅಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಇವತ್ತಿಗೂ ಉಂಟು. ಕತ್ತಿನ ಸುಕ್ಕು, ಗರಿಯ ಅಂಚು ಒಂದೂ ಬಿಟ್ಟಿಲ್ಲ. ನೀಟೂ ಹೌದು, ನೋಡಿ ಮಾಡಿದ್ದೂ ಹೌದು.

ನನ್ನ ತಕರಾರು ಇರುವುದು ನೋಡದೆ ನೀಟು ಮಾಡುವುದರ ಬಗ್ಗೆ. ಸ್ಪರ್ಧೆಗೆ ಅಂತ ಒಂದೇ ಗಿಳಿ, ಒಂದೇ ಸೂರ್ಯ, ಎರಡು ಬೆಟ್ಟವನ್ನು ಬಾಯಿಪಾಠ ಮಾಡಿಸುತ್ತಾರಲ್ಲ, ಅದು. ತೀರ್ಪು ಕೊಡಲು ನನ್ನನ್ನೂ ಕರೆಯುತ್ತಾರೆ. ಒಂದೇ ಹಾಲಿನಲ್ಲಿ ಒಂದೇ ಗಿಳಿ ಸಾಲು ಸಾಲಾಗಿ ಕೂತಿರುತ್ತದೆ. ನೋಡಿ ನೋಡಿ ಸುಸ್ತಾಗಿ, ಕೊನೆಗೆ ಗೆರೆ ದಾಟದ್ದಕ್ಕೆ ಬಹುಮಾನ ಕೊಟ್ಟು ಎದ್ದು ಬರುವ ತೀರ್ಪುಗಾರರೂ ಇದ್ದಾರೆ. ಮಗನಿಗೆ ಸ್ಪರ್ಧೆ ಇಷ್ಟವಿದ್ದರೆ ಕಳಿಸಿ, ಪೋಸ್ಟರ್ ಕಲರೂ ಕೊಡಿಸಿ. ಮನೆಯಲ್ಲಿ ಮಾತ್ರ ಅವನ ಹಕ್ಕಿಯೇ ನಡೆಯಲಿ.

ಮಗು ಬ್ರಷ್ ಬಾಯಿಗೆ ಹಾಕುತ್ತದೆ. ಅಪಾಯವಾ?
— ಒಬ್ಬ ತಾಯಿ, ಬ್ರಹ್ಮಾವರ

ಮಕ್ಕಳಿಗೆ ಅಂತಲೇ ಮಾಡಿದ, ಡಬ್ಬದ ಮೇಲೆ ವಿಷರಹಿತ ಅಂತ ಬರೆದ ಬಣ್ಣ ತನ್ನಿ. ದೊಡ್ಡ ಕಲಾವಿದರ ದುಬಾರಿ ಟ್ಯೂಬ್ ಬೇಡ, ಅವುಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ಬ್ರಷ್ ತುದಿ ಚೂಪು ಮಾಡಲು ತುಟಿಗೆ ಇಡುವ ಅಭ್ಯಾಸ ಹಲವು ಮಕ್ಕಳಿಗೆ ಉಂಟು. ಬಟ್ಟೆಗೆ ಒತ್ತಿ ತಿರುಗಿಸಿದರೂ ಚೂಪಾಗುತ್ತದೆ, ಅದನ್ನು ಮಾಡಿ ತೋರಿಸಿ. ಮತ್ತೆ ಬಣ್ಣದ ನೀರನ್ನು ಕಾಫಿ ಲೋಟದ ಪಕ್ಕ ಇಡಬೇಡಿ. ಇದು ದೊಡ್ಡವರಿಗೆ.

ಮಿಂಚುಳ್ಳಿಯ ನೀಲಿ ಎಷ್ಟು ಮಾಡಿದರೂ ಬರುವುದಿಲ್ಲ. ಮಗಳಿಗೆ ಎಂಟು ವರ್ಷ, ಅಳುತ್ತಾಳೆ.
— ಒಬ್ಬ ತಾಯಿ, ಪುತ್ತೂರು

ಅವಳಿಗೆ ಸಮಾಧಾನ ಹೇಳಿ, ಆ ನೀಲಿ ಯಾವ ಬಾಕ್ಸಿನಲ್ಲೂ ಇಲ್ಲ. ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣ ಅಂತ ಒಂದು ವಸ್ತುವೇ ಇರುವುದಿಲ್ಲ. ಗರಿಯೊಳಗಿನ ತೀರಾ ಸಣ್ಣ ರಚನೆಗೆ ಬೆಳಕು ತಾಗಿ ಚದುರುವಾಗ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಕಾಗದದ ಮೇಲೆ ಅದನ್ನು ಹಾಗೇ ತರಲು ಯಾರಿಗೂ ಆಗುವುದಿಲ್ಲ.

ಆದರೆ ಮೋಸ ಮಾಡಬಹುದು. ನೀಲಿಯನ್ನು ಚೊಕ್ಕ ಕಾಗದದ ಮೇಲೆ ಒಂದೇ ಸಲ, ತೆಳ್ಳಗೆ ಹಾಕಲಿ. ಮೇಲೆ ಮೇಲೆ ಹಾಕಿದಷ್ಟೂ ಮಂಕಾಗುತ್ತದೆ. ಪಕ್ಕದಲ್ಲಿ ಕಂದು ಗಟ್ಟಿಯಾಗಿ ಇರಲಿ. ಗದ್ದೆ ಬದಿಯ ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿಗೆ ಹೇಗೂ ತಲೆ, ಹೊಟ್ಟೆ ಎಲ್ಲ ಚಾಕೊಲೇಟ್ ಬಣ್ಣ, ಕೊಕ್ಕು ಕೆಂಪು. ಕಂದಿನ ಪಕ್ಕದಲ್ಲಿ ನೀಲಿ ತಾನಾಗಿ ಉರಿಯುತ್ತದೆ. ಬೆನ್ನಿನ ಮೇಲೆ ಒಂದು ಚೂರು ಕಾಗದ ಬಿಳಿಯಾಗೇ ಉಳಿದರೆ ಇನ್ನೂ ಒಳ್ಳೆಯದು, ಮಿಂಚಿದ ಹಾಗೆ ಕಾಣುತ್ತದೆ.

ಮಕ್ಕಳನ್ನು ಹಕ್ಕಿ ನೋಡಲು ಎಲ್ಲಿಗೆ ಕರೆದುಕೊಂಡು ಹೋಗಬೇಕು?
— ಹಲವರು

ಮೊದಲು ಹಿತ್ತಿಲಿಗೆ. ಒಂದು ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಬೆಕ್ಕು ಹೊಂಚು ಹಾಕಲಾಗದ ಜಾಗದಲ್ಲಿ. ದಿನಾ ನೀರು ಬದಲಿಸಿ. ಪಿಕಳಾರ, ಮಡಿವಾಳ ಹಕ್ಕಿ ಎಲ್ಲ ತಾವಾಗಿ ಬರುತ್ತವೆ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಟಿಲ್ಲರ್ ಇಳಿದ ಗದ್ದೆ ಹತ್ತಿರದಲ್ಲಿದ್ದರೆ ಬೆಳ್ಳಕ್ಕಿಗಳ ಮೆರವಣಿಗೆಯೇ ಸಿಗುತ್ತದೆ. ಹಳೆ ತೋಟ, ನಾಗಬನದ ಬದಿಯಲ್ಲಿ ಒಣ ಎಲೆ ಕೆದಕುವ ಸದ್ದು ಬಂದರೆ ಸುಮ್ನೆ ನಿಲ್ಲಿ, ನವರಂಗ ಇರಬಹುದು. ಹಸಿರು ಬೆನ್ನು, ಮೋಟು ಬಾಲ, ಬಾಲದ ಕೆಳಗೆ ಕಡುಕೆಂಪು. ಅದೂ ಉತ್ತರದಿಂದ ಚಳಿಗಾಲಕ್ಕೆ ತೆಂಕಣಕ್ಕೆ ಬರುವ ಹಕ್ಕಿ. ಬೆಳಗಿನ ಜಾವ, ಸಂಜೆ ಹೊತ್ತು ಸಿಳ್ಳೆ ಹಾಕುತ್ತದೆ.

ದೂರ ಹೋಗುವುದಾದರೆ ಮಣಿಪಾಲದ ಮಣ್ಣಪಳ್ಳ, ಸುವರ್ಣಾ ನದಿ ಕಡಲು ಸೇರುವ ಕೋಡಿಬೇಂಗ್ರೆ, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು, ಮಂಗಳೂರಿನವರಿಗೆ ಪಿಲಿಕುಳ. ಬೆಳಿಗ್ಗೆ ಬಿಸಿಲು ಏರುವ ಮೊದಲು ಹೋಗಿ. ಬಣ್ಣದ ಬಾಕ್ಸ್ ಒಯ್ಯಬೇಡಿ, ಚಿಕ್ಕ ಮಕ್ಕಳಿಗೆ ನೋಡುವುದು ಮತ್ತು ಬಣ್ಣ ಎರಡೂ ಒಟ್ಟಿಗೆ ಆಗುವುದಿಲ್ಲ. ಮನೆಗೆ ಬಂದು, ತಿಂಡಿ ತಿಂದು, ನೆನಪಿನಿಂದಲೇ ಮಾಡಲಿ. ಮರೆತದ್ದು ಏನು ಅಂತ ಆಗ ಗೊತ್ತಾಗುತ್ತದೆ, ಮತ್ತೊಮ್ಮೆ ಹೋದಾಗ ಅದನ್ನೇ ಹುಡುಕುತ್ತಾರೆ. ಕಡಲಕ್ಕಿಗೆ ಚಿಪ್ಸ್ ಎಸೆಯಬೇಡಿ. ಗೂಡು ಕಂಡರೆ ದೂರದಿಂದಲೇ ನೋಡಿ ಬನ್ನಿ, ಫೋಟೊಗೆ ಅಂತ ಕೊಂಬೆ ಬಗ್ಗಿಸಬೇಡಿ.

ಚಿತ್ರಗಳು ರಾಶಿ ಬಿದ್ದಿವೆ. ಎಲ್ಲ ಲ್ಯಾಮಿನೇಶನ್ ಮಾಡಿಸಲಾ?
— ಒಬ್ಬ ಅಜ್ಜಿ, ಉಳ್ಳಾಲ

ಬೇಡ ಅಮ್ಮ. ಬಿಸಿಗೆ ಮೇಣ ಹಾಕಿದ ಚಿತ್ರ ಹಾಳಾಗುತ್ತದೆ, ದುಡ್ಡೂ ದಂಡ. ಪ್ರತಿ ಚಿತ್ರದ ಹಿಂದೆ ತಾರೀಖು, ಹಕ್ಕಿಯನ್ನು ಎಲ್ಲಿ ನೋಡಿದ್ದು ಅಂತ ಪೆನ್ಸಿಲಿನಲ್ಲಿ ಬರೆದಿಡಿ. ಹೌದು, ಪೆನ್ಸಿಲಿಗೆ ಇಲ್ಲಿ ಮಾತ್ರ ನನ್ನ ಒಪ್ಪಿಗೆ ಉಂಟು. ಇನ್ನೂ ಬಿಸಿಲು ಇರುವಾಗ, ಮೇ ತಿಂಗಳೊಳಗೆ, ಚೆನ್ನಾಗಿ ಒಣಗಿದ ಚಿತ್ರಗಳನ್ನು ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ ಕಪಾಟಿನ ಮೇಲಿನ ಅಂತಸ್ತಿನಲ್ಲಿಡಿ. ಉಳ್ಳಾಲದ ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ನಾಲ್ಕೈದನ್ನು ಮಾತ್ರ ಫ್ರಿಜ್ ಬಾಗಿಲಿಗೆ ಅಂಟಿಸಿ, ಯಾವುದು ಅಂತ ಮೊಮ್ಮಕ್ಕಳೇ ಆರಿಸಲಿ. ನಿಮಗೆ ಚಂದ ಕಂಡದ್ದನ್ನು ಅವರು ಆರಿಸುವುದಿಲ್ಲ, ಅದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.